ಹಾಸು ನೋಡಿದ ಮೇಲೆ ಅಧ್ಯಾಯ ಮತ್ತೆ ಬರೆದೆ

ನಾನು ಕೆಲಸ ಮಾಡುವುದು 18ನೇ ಶತಮಾನದ ಬಟ್ಟೆಗಳ ಮೇಲೆ. ಅಟ್ಲಾಂಟಿಕ್ ಸಾಗರದ ಆಚೆ ಈಚೆ ಯಾರು ಏನು ಉಟ್ಟರು, ಎಲ್ಲಿ ನೇಯ್ದದ್ದು, ಯಾರು ಮಾರಿದರು. ಊರಲ್ಲಿ "ಇದಕ್ಕೂ ಪಗಾರ ಕೊಡ್ತಾರಾ" ಅಂತ ಕೇಳುತ್ತಾರೆ. ಕೊಡ್ತಾರೆ, ಆದರೆ ಪಿಎಚ್‌ಡಿ ಆದ ಮೇಲೆ ಆರು ವರ್ಷ ಒಂದೊಂದು ವರ್ಷದ ಕೆಲಸಗಳಲ್ಲೇ ಹೋಯಿತು, ಆ ಕಥೆ ಬೇಡ ಬಿಡಿ.

ಶುರು ಮಾಡಿದ್ದು ಅಮೆರಿಕದ 'ವರ್ಜೀನಿಯಾ ಗೆಜೆಟ್' ಪತ್ರಿಕೆಯಿಂದ. ತಪ್ಪಿಸಿಕೊಂಡು ಹೋದ ಗುಲಾಮರನ್ನು ಹಿಡಿದುಕೊಡಿ ಅಂತ ಮಾಲೀಕರು ಅದರಲ್ಲಿ ಜಾಹೀರಾತು ಹಾಕಿಸುತ್ತಿದ್ದರು. ಗುರುತು ಸಿಗಲಿ ಅಂತ ಅಂಗಿ ಯಾವ ಬಟ್ಟೆಯದು, ಬಣ್ಣ ಯಾವುದು, ಎಲ್ಲವನ್ನೂ ಬರೆಸುತ್ತಿದ್ದರು. ಓದುವಾಗ ಹೊಟ್ಟೆ ಕಿವುಚುತ್ತದೆ. ಮತ್ತೆ ಮತ್ತೆ ಸಿಗುವ ಹೆಸರು ಆಸ್ನಬರ್ಗ್, ಜರ್ಮನಿಯ ಊರೊಂದರ ಹೆಸರು ಹೊತ್ತ ಒರಟು ಲಿನನ್, ಅಂದರೆ ಅಗಸೆ ನಾರಿನ ಬಟ್ಟೆ. ದಕ್ಷಿಣ ಕ್ಯಾರೊಲಿನಾದಲ್ಲಂತೂ ಗುಲಾಮರು ಯಾವ ಬಟ್ಟೆ ಉಡಬಹುದು ಅಂತ 1740ರ ಕಾಯ್ದೆಯಲ್ಲೇ ಪಟ್ಟಿ ಇತ್ತು. ಆಸ್ನಬರ್ಗ್ ಜೊತೆ ಚೌಕಳಿ ಹತ್ತಿಬಟ್ಟೆಯೂ ಅದರಲ್ಲಿದೆ.

ನಾನು ಎಡವಿದ್ದು ಆ ಚೌಕಳಿಯಲ್ಲೇ. ವ್ಯಾಪಾರಿಗಳ ಲೆಕ್ಕದ ಪುಸ್ತಕದಲ್ಲಿ 'ಕಾಟನ್ ಚೆಕ್' ಅಂತ ಕಂಡಲ್ಲೆಲ್ಲ ಭಾರತದ ಬಟ್ಟೆ ಅಂತ ಗುರುತು ಹಾಕುತ್ತಾ ಹೋದೆ. ಒಳಗೊಳಗೆ ಹೆಮ್ಮೆ ಬೇರೆ.

ಗುಲಾಮರು ಉಟ್ಟ ಬಟ್ಟೆ ಉಳಿದಿರುವುದು ತೀರಾ ಕಡಿಮೆ, ಹಾಗಾಗಿ ಅದೇ ಕಾಲದ ಅಗ್ಗದ ಬಟ್ಟೆ ಕಣ್ಣಾರೆ ನೋಡಬೇಕು ಅಂದರೆ ಲಂಡನ್ನಿನ ಫೌಂಡ್ಲಿಂಗ್ ಆಸ್ಪತ್ರೆಯ (ಹೆಸರಿಗೆ ಆಸ್ಪತ್ರೆ, ಇದ್ದದ್ದು ಅನಾಥಾಲಯ) ದಾಖಲೆಗಳಿಗೆ ಹೋಗಬೇಕು. 1741ರಿಂದ ತಾಯಂದಿರು ಬಿಟ್ಟುಹೋದ ಕೂಸುಗಳ ಚೀಟಿಗೆ ಗುರುತಿಗಾಗಿ ಒಂದು ತುಂಡು ಬಟ್ಟೆ ಪಿನ್ ಮಾಡಿ ಇಡುತ್ತಿದ್ದರು. ಅಂಥ 5000ಕ್ಕೂ ಹೆಚ್ಚು ತುಂಡು ಉಳಿದಿವೆ. ಅದರಲ್ಲಿ ಒಂದು ಚೌಕಳಿ ತುಂಡಿನ ಫೋಟೋ ತೆಗೆದು ಅವ್ವನಿಗೆ ಕಳಿಸಿದೆ, ಸುಮ್ನೆ, ಚೆಂದ ಇತ್ತು ಅಂತ. ಅವ್ವ ಇಳಕಲ್ಲಲ್ಲಿ ನಲವತ್ತು ವರ್ಷ ಮಗ್ಗದ ಮುಂದೆ ಕೂತವಳು. ಫೋನ್ ಮಾಡಿ ಕೇಳಿದ್ದು ಒಂದೇ: "ಹಾಸಿನ ಎಳಿ ಬ್ಯಾರೆ ಕಾಣತೈತಿ, ನೋಡಿಯೇನ?"

ಹಾಸು ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದು ಕಟ್ಟುವ ಎಳೆ, ಹೊಕ್ಕು ಅಂದರೆ ಅದರ ನಡುವೆ ಅಡ್ಡಕ್ಕೆ ಹಾಯಿಸುವ ಎಳೆ. ನಾನು ನೋಡಿರಲಿಲ್ಲ. ಮರುದಿನ ಲೆನ್ಸ್ ಹಿಡಿದು ಎಳೆ ಬಿಚ್ಚಿದ ಅಂಚನ್ನು ನೋಡಿದೆ. ಹೊಕ್ಕು ಮೆತ್ತಗೆ, ಜುಂಗು ಎದ್ದ ಹತ್ತಿ. ಹಾಸು ಬಿರುಸು, ಹೊಳಪು, ಅಲ್ಲಲ್ಲಿ ದಪ್ಪ. ಅದು ಅಗಸೆ ನಾರು! ಇಂಗ್ಲೆಂಡಿನವರು ಕೈಯಲ್ಲಿ ನೂತ ಹತ್ತಿ ನೂಲು ಹಾಸಿನ ಎಳೆತ ತಡೆಯುತ್ತಿರಲಿಲ್ಲ. 1769ರಲ್ಲಿ ಆರ್ಕ್‌ರೈಟ್ ಪೇಟೆಂಟ್ ಪಡೆದ ನೂಲುವ ಯಂತ್ರ ಬರುವವರೆಗೂ ಮ್ಯಾಂಚೆಸ್ಟರ್ ಕಡೆ ಹಾಸಿನಲ್ಲಿ ಲಿನನ್, ಹೊಕ್ಕಿನಲ್ಲಿ ಹತ್ತಿ ಹಾಕಿ ನೇಯ್ದು, ಅದನ್ನೂ ಕಾಟನ್ ಅಂತಲೇ ಕರೆಯುತ್ತಿದ್ದರು. ಭಾರತದ ಚೌಕಳಿಯ ನಕಲು ಮಾಡಿ ಆಫ್ರಿಕಾಕ್ಕೂ ಹಡಗು ಹತ್ತಿಸುತ್ತಿದ್ದರು.

ಅಂದರೆ ನನ್ನ ಪಟ್ಟಿಯ ಎಷ್ಟೋ 'ಭಾರತದ' ಬಟ್ಟೆ ಆ ಮ್ಯಾಂಚೆಸ್ಟರ್ ಕಡೆಯ ಲಂಕಾಶೈರಿನದ್ದೂ ಆಗಿರಬಹುದು, ಅಲ್ವಾ? ಎಂಟು ತಿಂಗಳು ಹಿಡಿಯಿತು ಆ ಅಧ್ಯಾಯ ತಿದ್ದಲು. ಪಟ್ಟಿಯಲ್ಲಿ 'ಹೇಳಲಾಗದು' ಅನ್ನುವ ಹೊಸ ಕಾಲಂ ಬಂತು, ಅದೇ ಎಲ್ಲಕ್ಕಿಂತ ಉದ್ದ. ವಾದ ಸಪ್ಪೆ ಆಯಿತು ಅಂದರು ಒಬ್ಬ ಹಿರಿಯರು. ಆಗಲಿ ಅಂತ ಹಾಗೇ ಬಿಟ್ಟೆ.

ಅವ್ವನಿಗೆ ಹೇಳಿದಾಗ ಜೋರಾಗಿ ನಕ್ಕಳು: "ಅವರಿಗೂ ಹಾಸು ಹರೀತಿತ್ತೇನ ಹಂಗಾರ?"