ಬೀಟಾ ಫೋನಿನಲ್ಲಿ ನಾನು ಮೊದಲು ನೋಡುವುದು ಒತ್ತಕ್ಷರ

ಹೊಸ ಫೀಚರ್ ಎಲ್ಲರಿಗಿಂತ ಮೊದಲು ಕೈಗೆ ಸಿಗಲಿ ಅಂತ ಬೀಟಾ, ಅಂದರೆ ಬಿಡುಗಡೆಗೆ ಮೊದಲು ಪರೀಕ್ಷೆಗೆಂದು ಕೊಡುವ ಫೋನ್ ತಂತ್ರಾಂಶದ ಆವೃತ್ತಿ, ಹಾಕಿಕೊಳ್ಳುವವರು ತುಂಬಾ ಜನ. ನಾನು ಹಾಕಿಕೊಳ್ಳುವುದು ಕನ್ನಡಕ್ಕಾಗಿ. ಫೋನಿನ ವಿನ್ಯಾಸ ಬದಲಾದಾಗಲೆಲ್ಲ ಮೊದಲು ಪೆಟ್ಟು ತಿನ್ನುವುದು ನಮ್ಮ ಒತ್ತಕ್ಷರ. ದಿನವೂ ಕನ್ನಡದಲ್ಲೇ ಫೋನ್ ಬಳಸುವ ನಮ್ಮ ಕಣ್ಣಿಗೆ ಅದು ಬಿದ್ದಷ್ಟು ಬೇಗ ಬೇರೆಯವರ ಕಣ್ಣಿಗೆ ಬೀಳುವುದಿಲ್ಲ.

ಇದಕ್ಕೆಂದೇ ಒಂದು ಫೋನನ್ನು ಬೇರೆ ಇಟ್ಟಿದ್ದೇನೆ. ಅದರ ಭಾಷೆ ಪೂರ್ತಿ ಕನ್ನಡ, ಅಕ್ಷರದ ಗಾತ್ರ ಅತಿ ದೊಡ್ಡದು. ಯುಪಿಐ ಅದರಲ್ಲಿಲ್ಲ. ಕೆಲವು ಬ್ಯಾಂಕ್ ಆ್ಯಪ್‌ಗಳು ಬೀಟಾದಲ್ಲಿ ತೆರೆಯುವುದೇ ಇಲ್ಲ. ತರಕಾರಿ ಅಂಗಡಿಯ ಮುಂದೆ ನಿಂತಾಗ ಅದು ಗೊತ್ತಾಗಬಾರದು. ಅಪ್‌ಡೇಟ್ ಆದ ದಿನ ಫೋನ್ ಬಿಸಿಯಾಗುತ್ತದೆ, ಮಧ್ಯಾಹ್ನಕ್ಕೇ ಚಾರ್ಜ್ ಮುಗಿಯುತ್ತದೆ. ಒಂದು ಆವೃತ್ತಿಯಲ್ಲಿ ಸರಿಯಿದ್ದ ಬ್ಲೂಟೂತ್ ಮುಂದಿನದರಲ್ಲಿ ಕೈಕೊಡುತ್ತದೆ. ಇದೆಲ್ಲ ಸಹಿಸಬಹುದು. ಕಂಡ ದೋಷದ ಬಗ್ಗೆ ಕಂಪನಿಗೆ ವರದಿ ಕಳಿಸಿದ ಮೇಲೆ ಆ ಕಡೆಯಿಂದ ಒಂದು ಮಾತೂ ಬಾರದಿರುವುದು ಮಾತ್ರ ನಿಜಕ್ಕೂ ನೋಯಿಸುತ್ತದೆ.

ಒಮ್ಮೆ ನೋಟಿಫಿಕೇಶನ್ ಪಟ್ಟಿಯಲ್ಲಿ ಸಾಲಿನ ಎತ್ತರ ಕಡಿಮೆ ಮಾಡಿದ್ದರು. ಇಂಗ್ಲಿಷ್ ಅಂದವಾಗಿತ್ತು. ಆದರೆ ‘ರಾಷ್ಟ್ರ’, ‘ಸ್ತ್ರೀ’ ಮುಂತಾದ ಪದಗಳಲ್ಲಿ ಒಂದರ ಜೊತೆ ಇನ್ನೊಂದು ಒತ್ತು ಬಂದು ಅಕ್ಷರ ಕೆಳಕ್ಕಿಳಿಯುತ್ತದಲ್ಲ, ಆ ಭಾಗವೇ ಕತ್ತರಿಸಿಹೋಗಿತ್ತು. ‘ಕನ್ನಡ ಸರಿಯಾಗಿ ಕಾಣುತ್ತಿಲ್ಲ’ ಎಂದಷ್ಟೇ ಬರೆದರೆ ಇಂಜಿನಿಯರಿಗೆ ಏನೂ ತಿಳಿಯುವುದಿಲ್ಲ. ಯಾವ ಪರದೆ, ಯಾವ ಪದ, ಅಕ್ಷರದ ಗಾತ್ರ ಎಷ್ಟು, ಹಿಂದಿನ ಆವೃತ್ತಿಯಲ್ಲಿ ಹೇಗಿತ್ತು ಎಂಬುದನ್ನು ಬರೆದು ಎರಡೂ ಸ್ಕ್ರೀನ್‌ಶಾಟ್ ಅಕ್ಕಪಕ್ಕ ಇಟ್ಟೆ. ಕನ್ನಡ ಓದಲು ಬಾರದವರಿಗೂ ಕಾಣಲೆಂದು ತುಂಡಾದ ಜಾಗಕ್ಕೆ ಕೆಂಪು ಗೆರೆ ಎಳೆದೆ. ವರದಿಯನ್ನು ಇಂಗ್ಲಿಷಿನಲ್ಲೇ ಬರೆಯುತ್ತೇನೆ, ಒಂದು ವರದಿಗೆ ಒಂದೇ ತೊಂದರೆ. ಉತ್ತರ ಬರಲಿಲ್ಲ. ಮುಂದೊಂದು ಬೀಟಾದಲ್ಲಿ ಸಾಲು ಸರಿಹೋಗಿತ್ತು. ನನ್ನ ವರದಿಯಿಂದಲೇ ಆಯಿತು ಎನ್ನಲು ನನ್ನಲ್ಲಿ ಪುರಾವೆಯಿಲ್ಲ, ಆದರೂ ಅಂದು ಆದ ಸಂತೋಷ ದೊಡ್ಡದು.

ಭಾರತೀಯ ಲಿಪಿಗಳ ದೋಷ ಬರೀ ಅಂದಚಂದದ ವಿಷಯ ಅಂದುಕೊಂಡವರು 2018ರ ಫೆಬ್ರವರಿಯನ್ನು ನೆನೆಯಬೇಕು. ಒಂದು ತೆಲುಗು ಸಂಯುಕ್ತಾಕ್ಷರ ಸಂದೇಶದಲ್ಲಿ ಬಂದರೆ ಸಾಕು, ಐಫೋನಿನ ಆ್ಯಪ್‌ಗಳು ಮುಚ್ಚಿಕೊಳ್ಳುತ್ತಿದ್ದವು. ಆಪಲ್ ತರಾತುರಿಯಲ್ಲಿ ಐಒಎಸ್ 11.2.6 ಬಿಡಬೇಕಾಯಿತು. ಆ ಹೊತ್ತಿಗೆ ಪರೀಕ್ಷೆಯಲ್ಲಿದ್ದ 11.3 ಬೀಟಾದಲ್ಲಿ ಆ ತೊಂದರೆ ಇರಲಿಲ್ಲ.

ವರದಿ ಮಾಡುವುದಾದರೆ ಬೇಗ ಮಾಡಬೇಕು. ಆಂಡ್ರಾಯ್ಡ್ 16ರ ಮೊದಲ ಬೀಟಾ 2025ರ ಜನವರಿಯಲ್ಲಿ ಬಂತು, ಅಂತಿಮ ಆವೃತ್ತಿ ಜೂನ್‌ನಲ್ಲಿ. ಕೊನೆಯ ಬೀಟಾಗಳ ಹೊತ್ತಿಗೆ ತಂಡದ ಗಮನವೆಲ್ಲ ಫೋನ್ ಸ್ತಬ್ಧವಾಗುವಂಥ ದೊಡ್ಡ ದೋಷಗಳ ಮೇಲಿರುತ್ತದೆ. ತುಂಡಾದ ಒತ್ತಿನ ಸರದಿ ಮುಂದಿನ ವರ್ಷಕ್ಕೆ ಹೋಗಬಹುದು. ಹಾಗಾಗಿ ನಾನು ಮೊದಲ ಸಾರ್ವಜನಿಕ ಬೀಟಾಕ್ಕೇ ಸೇರುತ್ತೇನೆ.

ಸೇರುವ ಮುನ್ನ ಬ್ಯಾಕಪ್ ತೆಗೆಯಿರಿ. ಗೂಗಲ್‌ನ ಪಿಕ್ಸೆಲ್ ಫೋನಿನಲ್ಲಿ ಬೀಟಾ ನಡುವೆಯೇ ಹೊರಬಂದರೆ ಒಳಗಿರುವುದೆಲ್ಲ ಅಳಿಸಿಹೋಗುತ್ತದೆ; ಅಂತಿಮ ಆವೃತ್ತಿ ಬರುವ ತನಕ ಕಾದರೆ ಅಳಿಸದೆ ಹೊರಬರಲು ದಾರಿಯಿದೆ. ಐಫೋನಿನ ಬೀಟಾದಲ್ಲಿ ತೆಗೆದ ಬ್ಯಾಕಪ್ ಹಳೆಯ ಆವೃತ್ತಿಗೆ ಹಿಂತಿರುಗಿದಾಗ ಕೆಲಸಕ್ಕೆ ಬರುವುದಿಲ್ಲ. ಅದಕ್ಕೇ ಬೀಟಾಕ್ಕೆ ಮೊದಲಿನ ಪ್ರತಿಯೊಂದನ್ನು ಕಂಪ್ಯೂಟರಿನಲ್ಲಿ ಬೇರೆಯಾಗಿಯೇ ಇಟ್ಟುಕೊಳ್ಳಿ.