‘ಅಮ್ಮನಿಗೆ ಹೇಳಬೇಡಿ ಸಿಸ್ಟರ್’ ಅಂದಾಗ ಏನು ಮಾಡಬೇಕು?

ಮಗ ವಾರ್ಡಿನ ಬಾಗಿಲಲ್ಲೇ ನರ್ಸನ್ನು ತಡೆಯುತ್ತಾನೆ. “ಅಮ್ಮನಿಗೆ ಕ್ಯಾನ್ಸರ್ ಅಂತ ಗೊತ್ತಿಲ್ಲ, ಸುಮ್ನೆ ಗಡ್ಡೆ ಅಂದಿದ್ದೇವೆ. ದಯವಿಟ್ಟು ಹೇಳಬೇಡಿ ಸಿಸ್ಟರ್.” ಒಳಗೆ ಬಿಪಿ ನೋಡುವಾಗ ಅಮ್ಮ ಕೈ ಹಿಡಿದು ಕೇಳುತ್ತಾರೆ: “ನಿಜ ಹೇಳಮ್ಮಾ, ನನಗೆ ಏನಾಗಿದೆ?”

ನರ್ಸಿಂಗ್ ಕಾಲೇಜಿನಲ್ಲಿ ನಾಲ್ಕು ತತ್ವ ಕಲಿಸುತ್ತಾರೆ. ರೋಗಿಯ ನಿರ್ಧಾರಕ್ಕೆ ಬೆಲೆ ಕೊಡಿ, ಒಳ್ಳೆಯದು ಮಾಡಿ, ಕೆಡುಕು ಮಾಡಬೇಡಿ, ಭೇದ ಮಾಡಬೇಡಿ. ಪರೀಕ್ಷೆಗೆ ಇಷ್ಟು ಸಾಕು. ವಾರ್ಡಿನಲ್ಲಿ ಮಾತ್ರ ಈ ನಾಲ್ಕೂ ಒಂದರ ಮೇಲೊಂದು ಜಗಳಕ್ಕೆ ಬೀಳುತ್ತವೆ. ಆಗ ಹೀಗೆ ಮುಂದುವರಿಯಬಹುದು.

ಮೊದಲು, ಥಟ್ಟನೆ ಉತ್ತರ ಕೊಡಬೇಡಿ. “ಏನಿಲ್ಲಮ್ಮ, ಎಲ್ಲ ಸರಿಹೋಗುತ್ತೆ” ಎಂಬ ಮಾತು ಬಾಯಿಗೆ ಬಂದೇ ಬರುತ್ತದೆ. ಅದನ್ನು ನುಂಗಿಕೊಳ್ಳಿ. ನಾಳೆ ನಿಜ ಗೊತ್ತಾದರೆ ನೀವು ಕೊಡುವ ಮಾತ್ರೆಯನ್ನೂ ಅವರು ಅನುಮಾನದಿಂದ ನೋಡುತ್ತಾರೆ. ಬದಲಿಗೆ ತಿರುಗಿ ಕೇಳಿ: “ಡಾಕ್ಟರ್ ಏನು ಹೇಳಿದ್ರು? ನಿಮಗೇನು ಅನ್ನಿಸ್ತಿದೆ?” ಎಷ್ಟೋ ಸಲ ಅಮ್ಮನಿಗೆ ಅರ್ಧ ಗೊತ್ತಿರುತ್ತದೆ. ಪಕ್ಕದ ಬೆಡ್ಡಿನವರ ತಲೆಗೂದಲು ಉದುರಿದ್ದನ್ನು ಅವರೂ ನೋಡಿದ್ದಾರೆ, ಅಲ್ವಾ?

ಆಮೇಲೆ, ಎಷ್ಟು ತಿಳಿಯಬೇಕು ಅನ್ನುವುದನ್ನು ಅವರಿಂದಲೇ ಕೇಳಿ. “ರಿಪೋರ್ಟಿನ ವಿಷಯ ನಿಮಗೇ ಹೇಳಬೇಕಾ, ಮಗನಿಗೆ ಹೇಳಿದರೆ ಸಾಕಾ?” ಕೆಲವರು “ಅವನಿಗೇ ಹೇಳಿ, ನನಗೆ ಬೇಡ” ಅನ್ನುತ್ತಾರೆ. ಸರಿ, ಅದೂ ಅವರದೇ ತೀರ್ಮಾನ. ನಿಜ ಹೇಳಲೇಬೇಕೆಂದು ಹಟ ಹಿಡಿಯುವ ಹೊಸ ಸಿಸ್ಟರ್‌ಗಳು ಇಲ್ಲೇ ಎಡವುತ್ತಾರೆ.

ತಿಳಿಯಬೇಕು ಅಂದರೆ, ರೋಗದ ಹೆಸರು ಹೇಳುವ ಕೆಲಸ ಡಾಕ್ಟರದು. ಅವರು ಹೇಳುವಂತೆ ನೋಡಿಕೊಳ್ಳುವ ಕೆಲಸ ನಿಮ್ಮದು. ಅದೇ ಶಿಫ್ಟಿನಲ್ಲಿ ಡಾಕ್ಟರಿಗೆ ತಿಳಿಸಿ. ಕೇಸ್ ಶೀಟಿನಲ್ಲಿ ‘ರೋಗಿ ಆತಂಕದಲ್ಲಿದ್ದಾರೆ’ ಎಂದು ಬರೆದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ‘ಬೆಳಿಗ್ಗೆ 10.20: ತನಗೇನಾಗಿದೆ ಎಂದು ರೋಗಿಯೇ ಕೇಳಿದರು. ಡ್ಯೂಟಿ ಡಾಕ್ಟರಿಗೆ ತಿಳಿಸಲಾಗಿದೆ’ ಎಂದು ಬರೆಯಿರಿ. ರೌಂಡ್ಸ್ ಹೊತ್ತಿಗೆ ಅಮ್ಮನ ಪಕ್ಕದಲ್ಲಿ ನಿಂತಿರಿ.

ಇನ್ನು ಮಗ. ಅವನನ್ನು ಖಳನಾಯಕ ಮಾಡಬೇಡಿ, ಅಮ್ಮ ಕುಸಿದುಹೋಗುತ್ತಾರೆ ಎಂಬ ಭಯ ಅವನಿಗೆ. “ನಾನಾಗಿ ಹೋಗಿ ಹೇಳಲ್ಲ. ಆದರೆ ಅವರು ಕೇಳಿದರೆ ಸುಳ್ಳು ಹೇಳೋಕೆ ನನ್ನಿಂದ ಆಗಲ್ಲ” ಎಂದು ಮೊದಲೇ ಹೇಳಿಬಿಡಿ. ಕಿಮೋಗೆ ಒಪ್ಪಿಗೆ ಪತ್ರ ಬೇಕು, ಸಹಿ ಹಾಕಬೇಕಾದವರು ಅಮ್ಮ ಎಂಬುದನ್ನೂ ತಿಳಿಸಿ. 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಅಲ್ಲಿ ರೋಗಿಗೆ ಅರಿವಳಿಕೆ ಕೊಟ್ಟಿದ್ದಾಗ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ತೆಗೆದಿದ್ದರು. ಜೀವಕ್ಕೆ ಅಪಾಯವಿರಲಿಲ್ಲ, ಎಚ್ಚರವಾದ ಮೇಲೆ ಅವರನ್ನೇ ಕೇಳಬಹುದಿತ್ತು. ತಾಯಿಯ ಒಪ್ಪಿಗೆ ಸಾಲದು ಎಂದಿತು ಕೋರ್ಟು.

ಮೊದಲು ಕೇಳಿ ಆಮೇಲೆ ನಿರ್ಧರಿಸುವ ಈ ಕ್ರಮ ಬೇರೆ ಕಡೆಯೂ ನಡೆಯುತ್ತದೆ. ಶುಗರ್ ಇರುವ ಅಜ್ಜಿ ಇನ್ಸುಲಿನ್ ಬೇಡ ಅಂದರೆ ‘ಹಟಮಾರಿ’ ಅನ್ನಬೇಡಿ, ಯಾಕೆ ಎಂದು ಕೇಳಿ. ತಿಂಡಿ ಇನ್ನೂ ಬಂದಿಲ್ಲ ಎಂಬ ಕಾರಣ ಇದ್ದೀತು. ಊಟಕ್ಕೆ ಮೊದಲಿನ ಇನ್ಸುಲಿನ್ ಚುಚ್ಚಿ, ತಿಂಡಿ ತಡವಾದರೆ ಶುಗರ್ ಇಳಿದುಹೋಗುತ್ತದೆ. ಅಜ್ಜಿ ಹೇಳಿದ್ದೇ ಸರಿ!

ರಾತ್ರಿ ಮೂಗಿನ ಟ್ಯೂಬ್ ಕೀಳುವ ತಾತನ ಕೈ ಕಟ್ಟುವ ಮುಂಚೆಯೂ ನೋಡಿ: ಮೂತ್ರ ಕಟ್ಟಿದೆಯಾ, ನೋವಿದೆಯಾ, ಕನ್ನಡಕ ಎಲ್ಲಿ? ಕಟ್ಟಲೇಬೇಕಾದರೆ ಡಾಕ್ಟರ ಲಿಖಿತ ಆದೇಶ ತೆಗೆದುಕೊಳ್ಳಿ. ಆಗಾಗ ಬಿಚ್ಚಿ ಬೆರಳುಗಳ ಬಣ್ಣ ನೋಡುತ್ತಿರಿ.

ಗುಟ್ಟಿನ ವಿಷಯದಲ್ಲಿ ಇಷ್ಟೆಲ್ಲ ಯೋಚನೆ ಬೇಕಿಲ್ಲ. ಎಚ್‌ಐವಿ ಇದೆ ಎಂದು ಬೆಡ್ಡಿಗೆ ಚೀಟಿ ಅಂಟಿಸುವಂತಿಲ್ಲ. ನೆಂಟರು ಕೇಳಿದರೂ ಹೇಳುವಂತಿಲ್ಲ, 2017ರ ಕಾಯ್ದೆಯೇ ಇದೆ.

ಡಾಕ್ಟರ್ “ನಿಮಗ್ಯಾಕೆ ಸಿಸ್ಟರ್ ಇದೆಲ್ಲ” ಅಂದರೆ? ಅಂಥವರೂ ಸಿಗುತ್ತಾರೆ. ಅಲ್ಲೇ ವಾದಕ್ಕೆ ನಿಲ್ಲಬೇಡಿ. ವಾರ್ಡ್ ಇನ್‌ಚಾರ್ಜ್‌ಗೆ ಹೇಳಿ, ಆಗಲಿಲ್ಲವೆಂದರೆ ನರ್ಸಿಂಗ್ ಸೂಪರಿಂಟೆಂಡೆಂಟ್ ಬಳಿ ಹೋಗಿ. ಕೇಸ್ ಶೀಟಿನಲ್ಲಿ ಬರೆದ ಆ ಎರಡು ಸಾಲು ಅಲ್ಲಿ ನಿಮ್ಮ ಪರವಾಗಿ ಮಾತಾಡುತ್ತವೆ.