ಬಾಣಂತಿಗೆ ಬಾಣಂತಿಯೇ ಜೊತೆ: ಹುಡುಕುವುದು ಎಲ್ಲಿ, ಉಳಿಸಿಕೊಳ್ಳುವುದು ಹೇಗೆ

ತವರಿನಲ್ಲಿ ಎಣ್ಣೆನೀರಿಗೊಬ್ಬರು, ಮೆಣಸಿನ ಸಾರಿಗೊಬ್ಬರು ಇರುತ್ತಾರೆ. ಆದರೆ ‘ಯಾಕೋ ಅಳು ಬರ್ತಿದೆ’ ಅಂದರೆ ಬರುವ ಉತ್ತರ ಒಂದೇ: ‘ಹಸಿಮೈ, ಅಳಬಾರದು’. ಅವರನ್ನು ದೂರಿ ಫಲವಿಲ್ಲ, ಅವರ ಬಾಣಂತನ ಮುಗಿದು ಮೂವತ್ತು ವರ್ಷವಾಗಿರುತ್ತದೆ. ನಿಮಗೆ ಬೇಕಾದವಳು ನಿನ್ನೆ ರಾತ್ರಿ ನಿಮ್ಮಂತೆಯೇ ನಿದ್ದೆಗೆಟ್ಟವಳು.

ಮೊದಲು ದಿನ ಎಣಿಸಿ. ಹೆರಿಗೆಯಾದ 3ರಿಂದ 5ನೇ ದಿನದ ಹೊತ್ತಿಗೆ ಅಳು, ಸಿಡುಕು ಜೋರಾಗುವುದು ಸಾಮಾನ್ಯ. ಎರಡು ವಾರದೊಳಗೆ ಇಳಿಯುತ್ತದೆ. ಇಳಿಯದಿದ್ದರೆ, ಮಗು ಮಲಗಿದರೂ ನಿಮಗೆ ನಿದ್ದೆ ಬಾರದಿದ್ದರೆ, ಅದು ಖಿನ್ನತೆ ಇರಬಹುದು. ಗೆಳತಿ ಸಾಲದು, ವೈದ್ಯರು ಬೇಕು. ‘ಎಡಿನ್‌ಬರೊ’ ಎಂಬ, ಬಾಣಂತಿಯ ಖಿನ್ನತೆಯ ಸುಳಿವು ಹಿಡಿಯುವ ಪ್ರಶ್ನಾವಳಿ ಮಾಡಿಸಿ: 10 ಪ್ರಶ್ನೆ, ಒಟ್ಟು 30 ಅಂಕ. ಸಾಮಾನ್ಯವಾಗಿ 13 ಅಥವಾ ಅದಕ್ಕಿಂತ ಹೆಚ್ಚು ಬಂದರೆ ತಪಾಸಣೆ ಬೇಕೇಬೇಕು. ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಕುರಿತ ಹತ್ತನೆಯ ಪ್ರಶ್ನೆಗೆ ಸೊನ್ನೆ ಬಿಟ್ಟು ಬೇರೇನೇ ಬಂದರೂ ಅಂದೇ ಹೋಗಿ. ಥೈರಾಯ್ಡ್, ಹಿಮೋಗ್ಲೋಬಿನ್ ಕೂಡ ನೋಡಿಸಿ. ಅವು ಏರುಪೇರಾದರೂ ಇದೇ ಸುಸ್ತು, ಇದೇ ಬೇಸರ.

ಜೊತೆಗಾತಿ ಸಿಗುವ ಜಾಗ ಲಸಿಕೆ ಸಾಲು. 6, 10, 14ನೇ ವಾರಕ್ಕೆ ಲಸಿಕೆ ಇರುವುದರಿಂದ ಅದೇ ವಯಸ್ಸಿನ ಮಕ್ಕಳ ತಾಯಂದಿರು ನಾಲ್ಕು ವಾರಕ್ಕೊಮ್ಮೆ ಅದೇ ಬೆಂಚಿಗೆ ಬರುತ್ತಾರೆ. ತೊಡೆಗೆ ಸೂಜಿ ಬಿದ್ದ ಮೇಲೆ ಅರ್ಧ ಗಂಟೆ ಕೂರಿಸುತ್ತಾರಲ್ಲ, ಆಗಲೇ ಮಾತು ತೆಗೆಯಿರಿ. ‘ಹೇಗಿದ್ದೀರಾ?’ ಅಂದರೆ ‘ಚೆನ್ನಾಗಿದ್ದೀನಿ’ ಅನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯಿತು. ‘ನಿಮ್ಮದು ರಾತ್ರಿ ಎಷ್ಟು ಸಲ ಏಳುತ್ತೆ? ನಂಗಂತೂ ಒಂದೊಂದ್ಸಲ ಅಳುನೇ ಬರುತ್ತೆ’ ಅನ್ನಿ. ಆಶಾ ಕಾರ್ಯಕರ್ತೆಗೂ ಹೇಳಿಡಿ. ಆಸ್ಪತ್ರೆಯ ಹೆರಿಗೆಯಾದರೆ ಅವರು 3, 7, 14, 21, 28, 42ನೇ ದಿನ ಮನೆಗೆ ಬರಬೇಕು. ಯಾವ ಬೀದಿಯಲ್ಲಿ ಯಾರು ಬಾಣಂತಿ ಅನ್ನುವುದು ಅವರಿಗೆ ಬಾಯಿಪಾಠ. ಆ ಬಾಣಂತಿಯನ್ನು ಕೇಳಿಯೇ ಅವಳ ನಂಬರ್ ಕೊಡಲಿ.

ವಾಟ್ಸ್‌ಆ್ಯಪ್ ಗುಂಪಿಗೆ ನಾಲ್ಕರಿಂದ ಆರು ಜನ ಸಾಕು. ಐವತ್ತಾದರೆ ಅದು ಸಂತೆ: ಯಾರ ಮಗು ಎಷ್ಟು ಕೆಜಿ, ಯಾರಿಗೆ ಹಾಲು ಜಾಸ್ತಿ. ಅತ್ತೆ, ಅಮ್ಮ, ಗಂಡ ಯಾರೂ ಒಳಗೆ ಬೇಡ. ಫಾರ್ವರ್ಡ್ ಬೇಡ, ತೂಕದ ಮಾತು ಬೇಡ, ಔಷಧಿ ಹೆಸರಂತೂ ಬೇಡವೇ ಬೇಡ. ಕೈಯಲ್ಲಿ ಮಗು ಇರುವಾಗ ಟೈಪ್ ಮಾಡಲಾಗದು, ವಾಯ್ಸ್ ಮೆಸೇಜ್ ಕಳಿಸಿ. ‘ಸಲಹೆ ಬೇಡ, ಸುಮ್ನೆ ಕೇಳ್ರೇ’ ಅಂತ ಮೊದಲೇ ಹೇಳಿದರೆ ಅರ್ಧ ಮನಸ್ತಾಪ ತಪ್ಪುತ್ತದೆ. ಯಾರಾದರೂ ಮೂರು ದಿನ ಸದ್ದಿಲ್ಲದಿದ್ದರೆ ಮೆಸೇಜ್ ಸಾಲದು, ಫೋನ್ ಮಾಡಿ.

ಅಪ್ಪಂದಿರಿಗೂ ಖಿನ್ನತೆ ಬರುತ್ತದೆ, ಅವರಿಗೂ ಜೊತೆಗೆ ಹೊಸದಾಗಿ ಅಪ್ಪನಾದ ಇನ್ನೊಬ್ಬ ಬೇಕು.

ನಿದ್ದೆಯಿಲ್ಲದೆಯೂ ವಿಪರೀತ ಚುರುಕು, ಇಲ್ಲದ ದನಿ ಕೇಳಿಸುವುದು, ಮಗುವಿನ ಬಗ್ಗೆ ವಿಚಿತ್ರ ಅನುಮಾನ, ಇವು ಕಂಡರೆ ಹಳಬರು ಬಾಣಂತಿ ಸನ್ನಿ ಅನ್ನುವ ಕಾಯಿಲೆ ಇರಬಹುದು. ತಾಯತ ಕಟ್ಟಿಸುತ್ತಾ ಕೂರಬೇಡಿ. ತಾಯಿ-ಮಗುವನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ, 108 ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನು ಒಟ್ಟಿಗೇ ಇಟ್ಟುಕೊಳ್ಳುವ ವಾರ್ಡ್ ಉಂಟು. ಮಾತಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್ 14416: ಉಚಿತ, ಹಗಲೂ ರಾತ್ರಿ, ಕನ್ನಡದಲ್ಲೂ.

ಗುಂಪು ಒಡೆಯುವುದು ಮೂರನೆಯದೋ ಐದನೆಯದೋ ತಿಂಗಳಲ್ಲಿ, ಗಂಡನ ಮನೆಗೆ ಹೊರಟಾಗ. ಹೋಗುವ ಮುಂಚೆಯೇ ಆ ಊರಿನ ಆಶಾ ಕಾರ್ಯಕರ್ತೆಯ ನಂಬರ್ ತರಿಸಿ, ತಾಯಿ ಕಾರ್ಡಿನ ಹಿಂದೆ ಬರೆದಿಟ್ಟುಕೊಳ್ಳಿ.